ಮೇಲೂ ಸೊನ್ನೆ, ಕೆಳಗೂ ಸೊನ್ನೆ

ಮಾರ್ಚ್ 3, ಸೋಮವಾರ

ನಮ್ಮ ಲಾಂಡ್ರಿಗೆ ಇಂದು ಒಬ್ಬಳು ಅತ್ತೆ ಬಂದಿಳಿದಳು. ಲಾರಿಯಿಂದ ಇಳಿಸುವಷ್ಟರಲ್ಲಿ ಇಡೀ ಶೆಡ್ಡಿನ ಜನರ ಸೊಂಟ ಹಿಡಿದುಕೊಂಡಿತು. ಒದ್ದೆ ಬಟ್ಟೆಯನ್ನು ಗಿರಗಿರ ತಿರುಗಿಸಿ ನೀರು ಹಿಂಡುವ ಯಂತ್ರವಿದು. ಎಲ್ಲೋ ಬಹಳ ಕಾಲ ಸಂಸಾರ ಮಾಡಿ, ಮೇಲೆ ಹಸಿರು ಬಣ್ಣ ಬಳಿಸಿಕೊಂಡು ಬಂದಿದೆ. ಕೂತಲ್ಲಿಂದಲೇ ಮನೆಮಂದಿಯನ್ನೆಲ್ಲ ನಡುಗಿಸುವ ಲಕ್ಷಣ ಕಂಡು ಹುಡುಗಿಯರು ಆಗಲೇ ‘ಅತ್ತೆಮ್ಮ’ ಎಂದು ಹೆಸರಿಟ್ಟಾಯಿತು. ಓಡಿಸುವವನು ನನ್ನ ತಂಗಿಯ ಗಂಡ. ಮನೆಯಲ್ಲಿ ಇಲ್ಲದ ಅತ್ತೆ ಅವನಿಗೆ ಕೆಲಸದ ಜಾಗದಲ್ಲಿ ಸಿಕ್ಕಳು.

ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆಸಿದರು. ಈ ಆಫೀಸಿನಲ್ಲಿ ಸೋಪು, ಸೋಡಾ, ಹಾಜರಿ ಎಲ್ಲದರ ಲೆಕ್ಕ ನನ್ನದು. ಅದಕ್ಕೂ ಮೊದಲು ಟ್ಯೂಷನ್ ಮೇಷ್ಟ್ರಾಗಿದ್ದೆ ಎಂಬುದು ಅವರಿಗೆ ಗೊತ್ತು. ಮಾರಿದವರು ಯಂತ್ರದ ಜೊತೆಗೆ ಒಂದು ಸೂತ್ರ ಕಳಿಸಿದ್ದಾರೆ. ಮೇಲೆ x − 4. ಕೆಳಗೆ x² − 14x + 40. ಇಲ್ಲಿ x ಎಂದರೆ ನಿಮಿಷಕ್ಕೆ ಎಷ್ಟು ನೂರು ಸುತ್ತು ಎಂದು, ಉತ್ತರವೆಂದರೆ, ಮೈನಸ್ ಚಿಹ್ನೆ ಬಿಟ್ಟು, ಯಂತ್ರ ಎಷ್ಟು ಅಲುಗುತ್ತದೆ ಎಂದು. ತಿರುಗಿಸುವ ಗುಂಡಿಗೆ ಐದು ಗುರುತು: ಎರಡು, ನಾಲ್ಕು, ಆರು, ಎಂಟು, ಹತ್ತು. ನಡುವೆ ಎಲ್ಲೂ ನಿಲ್ಲುವುದಿಲ್ಲ. ಯಾವ ಗುರುತಿನಲ್ಲಿ ಓಡಿಸಬಹುದು, ಯಾವುದರಲ್ಲಿ ಕೂಡದು ಎಂದು ಬೋರ್ಡಿನ ಮೇಲೆ ಬರೆಯಬೇಕು. ಅಂದರೆ ಸೂತ್ರದ ಡೊಮೈನ್ ಹೇಳಬೇಕು, ಅದು ಎಲ್ಲಿ ಬಾಯಿ ಬಿಡುತ್ತದೆ, ಎಲ್ಲಿ ಬಿಡುವುದಿಲ್ಲ ಎಂದು.

ಹಳೆಯ ಶಿಷ್ಯರು ನನ್ನನ್ನು ಕತ್ತರಿ ಮೇಷ್ಟ್ರು ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ‘ಮೊದಲು ಕತ್ತರಿಸು, ಆಮೇಲೆ ನೋಡು’ ಎಂಬ ನನ್ನ ಮಂತ್ರದಿಂದ ಎಷ್ಟೋ ದಡ್ಡರು ಪರೀಕ್ಷೆಯ ಹೊಳೆ ದಾಟಿದ್ದಾರೆ. ಕೆಳಗಿನದನ್ನು ಒಡೆದರೆ (x − 4)(x − 10). ಮೇಲಿನ x − 4, ಕೆಳಗಿನ x − 4, ಎರಡನ್ನೂ ಕಚಕ್ ಎಂದು ಕತ್ತರಿಸಿದೆ. ಕೆಳಗೆ ಉಳಿದದ್ದು x − 10 ಒಂದೇ. ಛೇದ ಸೊನ್ನೆಯಾಗಕೂಡದು, ಸೊನ್ನೆಯಿಂದ ಭಾಗಿಸುವ ಹಕ್ಕನ್ನು ಗಣಿತವು ಯಾವ ದೊಡ್ಡ ಮನುಷ್ಯನಿಗೂ ಕೊಟ್ಟಿಲ್ಲ. ಆದ್ದರಿಂದ ಹತ್ತು ಕೂಡದು, ಮಿಕ್ಕದ್ದೆಲ್ಲ ಸರಿ. ಕೈಯಲ್ಲಿದ್ದ ಚಹಾ ಆರುವ ಮೊದಲೇ ಮುಗಿಸಿದೆ. ಮ್ಯಾನೇಜರ್ ನನ್ನ ಕಡೆ ನೋಡಿದ ನೋಟವನ್ನು ಫೋಟೋದಂತೆ ಕಟ್ಟು ಹಾಕಿಸಿ ಇಟ್ಟುಕೊಳ್ಳಬಹುದಿತ್ತು.

ಮಾರ್ಚ್ 6, ಗುರುವಾರ

ಅತ್ತೆಮ್ಮನ ಗುಣ ತಿಳಿಯಿತು. ಎರಡರಲ್ಲಿ ಸೋಮಾರಿ, ಬಟ್ಟೆಯಲ್ಲಿ ಅರ್ಧ ನೀರು ಹಾಗೇ ಉಳಿಯುತ್ತದೆ. ಆರರಲ್ಲಿ ಹಟಮಾರಿ, ಆಸ್ಪತ್ರೆಯ ತೆಳು ಬೆಡ್‌ಶೀಟು ಹರಿದು ಕೈಗೆ ಬರುತ್ತದೆ. ಎಂಟು ಕಂಬಳಿಗೆ ಮಾತ್ರ. ನಾಲ್ಕರಲ್ಲಿ ಅವಳು ದೇವತೆ.

ಭಾವಮೈದುನ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಎರಡರಲ್ಲಿ ನೆಲ ಗುಡುಗುತ್ತಿತ್ತು. ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದ. ಯಾರೋ ಬಾಯಿ ಮುಚ್ಚಿದಂತೆ ಸದ್ದು ನಿಂತಿತು. ಮುಚ್ಚಳದ ಮೇಲೆ ತುಂಬಿದ ಚಹಾದ ಲೋಟ ಇಟ್ಟ. ಒಳಗೆ ಒಂದು ಮಂಚದಷ್ಟು ಬಟ್ಟೆ ಹುಚ್ಚು ಹಿಡಿದಂತೆ ತಿರುಗುತ್ತಿದೆ, ಲೋಟದ ಚಹಾದಲ್ಲಿ ಒಂದು ಗೆರೆ ಏಳಲಿಲ್ಲ.

“ನೋಡಿದ್ರಾ ಭಾವ, ನಾಲ್ಕಕ್ಕೆ ಬಂದ್ರೆ ಮಲಗೇಬಿಡ್ತಾಳೆ. ನನ್ ಹೆಂಡ್ತಿನೂ ಹಿಂಗೊಂದು ಗುಂಡಿ ಇಟ್ಕೊಂಡಿದ್ರೆ,” ಎಂದ.

ನಾನು ನಕ್ಕೆ. ಆದರೆ ಆ ನಿಶ್ಶಬ್ದ ನನಗೆ ಹಿಡಿಸಲಿಲ್ಲ. ಅಷ್ಟು ದೊಡ್ಡದು ಅಷ್ಟು ಸುಮ್ಮನಿರುವುದನ್ನು ನಾನು ಎಲ್ಲೂ ಕಂಡಿಲ್ಲ. ಹುಡುಗಿಯರಿಗೆ ಮಾತ್ರ ಹಬ್ಬ. ನಾಲ್ಕಕ್ಕೆ ಹಾಕಿ, ಗುಂಡಿಯ ಹತ್ತಿರ ಯಾರೂ ನಿಲ್ಲದೆ, ಎಲ್ಲರೂ ಮುಚ್ಚಳಕ್ಕೆ ಒರಗಿ ಹರಟುತ್ತಾರೆ. ಬೆಚ್ಚಗಿರುತ್ತದಂತೆ.

ಮಾರ್ಚ್ 13, ಗುರುವಾರ

ಇಂದು ನನಗೆ ಸೊನ್ನೆ ಬಂತು. ನೇರವಾಗಿ ನನಗಲ್ಲ, ನನ್ನ ಮಂತ್ರಕ್ಕೆ.

ತಂಗಿ ಈ ವಯಸ್ಸಿನಲ್ಲಿ, ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ, ನಿಂತುಹೋದ ಓದನ್ನು ಮತ್ತೆ ಹಿಡಿದಿದ್ದಾಳೆ. ನಾನು ಇರುವುದು ಅವಳ ಮನೆಯ ಮಹಡಿ ಕೋಣೆಯಲ್ಲಿ. ಅಲ್ಲಿಯ ಬಾಡಿಗೆ ಎಂದರೆ ಅವಳಿಗೆ ಬೀಜಗಣಿತ ಹೇಳಿಕೊಡುವುದು. ಸಂಜೆಯ ತರಗತಿಯ ಮೇಡಂ ಅಭ್ಯಾಸ ಪರೀಕ್ಷೆ ಕೊಟ್ಟಿದ್ದರು. ಡೊಮೈನ್ ಪ್ರಶ್ನೆಗೆ ತಂಗಿ ನನ್ನ ಕತ್ತರಿ ಆಡಿಸಿದ್ದಾಳೆ. ಮೇಡಂ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ ಬರೆದಿದ್ದಾರೆ: ‘ಕತ್ತರಿಸುವ ಮೊದಲು ಛೇದ ನೋಡಬೇಕು. ಕತ್ತರಿಸಿದ್ದು ಹೋಗುವುದಿಲ್ಲ, ಕಾಣುವುದಿಲ್ಲ ಅಷ್ಟೆ.’

ಕಾಗದವನ್ನು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಏನಣ್ಣ, ಊರಿಗೆಲ್ಲ ಪಾಸ್ ಮಾಡಿಸಿದ ಕತ್ತರಿ, ಒಡಹುಟ್ಟಿದವಳ ಕುತ್ತಿಗೇನೇ ಕುಯ್ತಲ್ಲ?”

ಕತ್ತರಿಸಿದ ಮೇಲೆ ಎರಡೂ ಒಂದೇ ಎಂದು ವಾದಿಸಿದೆ. ಒಂದೇ ಒಂದು ಚುಕ್ಕೆಯಲ್ಲಿ ವ್ಯತ್ಯಾಸ, ಗೆರೆ ಎಳೆದರೆ ಕಣ್ಣಿಗೂ ಕಾಣದ ತೂತು, ಅದಕ್ಕೆ ಸೊನ್ನೆ ಹಾಕುವುದು ಮೇಡಮ್ಮನ ಹೊಟ್ಟೆಕಿಚ್ಚು ಎಂದೆ. ತಂಗಿ ನನಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ಅತ್ತೆಮ್ಮನ ಸೂತ್ರದಲ್ಲಿ ಮೊದಲು ಛೇದ ನೋಡಿದರೆ, ಕೂಡದ್ದು ನಾಲ್ಕು ಮತ್ತು ಹತ್ತು.

ಕೇವಲ ಒಂದು ಚುಕ್ಕೆ. ಅಂಥ ಚುಕ್ಕೆಗೆಲ್ಲ ಹೆದರುತ್ತ ಕೂತರೆ ಪೂರ್ಣವಿರಾಮ ಹಾಕುವುದಕ್ಕೂ ಧೈರ್ಯ ಬರುವುದಿಲ್ಲ.

ಮಾರ್ಚ್ 18, ಮಂಗಳವಾರ

ಆಸ್ಪತ್ರೆಯಿಂದ ಬೆಡ್‌ಶೀಟು ವಾಪಸು ಬಂದವು. ಬಿಳಿಯ ಮೇಲೆ ಬೂದು ಬಣ್ಣದ ಗೆರೆ, ಉಗುರಿನಿಂದ ಗೀರಿದ ಹಾಗೆ. ಮೇಲ್ವಿಚಾರಣೆಯ ನರ್ಸಮ್ಮ ಫೋನಿನಲ್ಲಿ ಮ್ಯಾನೇಜರ್‌ಗೆ ಸಹಸ್ರನಾಮ ಮಾಡಿದರಂತೆ. ಮ್ಯಾನೇಜರ್ ಸೋಪಿನವನಿಗೆ ಮಾಡಿದರು, ಸೋಪಿನವನು ನೀರಿಗೆ ಮಾಡಿದ, ನೀರು ಪಾಪ ಎಲ್ಲರಿಗಿಂತ ಕೆಳಗಿನದು, ಯಾರನ್ನೂ ಬೈಯಲಿಲ್ಲ. ಸೋಪು ಬದಲಾಯಿತು. ಟ್ಯಾಂಕು ತೊಳೆಸಿದ್ದಾಯಿತು.

ಗೆರೆಯನ್ನು ಬೆರಳಿನಿಂದ ಉಜ್ಜಿ ನೋಡಿದೆ. ತುದಿಗೆ ಮಿನುಗುವ ಪುಡಿ ಅಂಟಿತು. ಎರಡು ಸಲ ಕೈ ತೊಳೆದೆ. ಊಟದ ಹೊತ್ತಿಗೂ ಬೆರಳಿನಿಂದ ಕಬ್ಬಿಣದ ವಾಸನೆ ಬರುತ್ತಿತ್ತು.

ಮಾರ್ಚ್ 20, ಗುರುವಾರ

ಸಂಜೆ ಪಾಠಕ್ಕೆ ಕೂತಾಗ ತಂಗಿಗೆ ಒಂದು ಲೆಕ್ಕ ಕೊಟ್ಟೆ. ಮೇಲೆ x − 4, ಕೆಳಗೆ x² − 14x + 40. ಎಲ್ಲಿಂದ ತಂದೆ ಎಂದು ಹೇಳಲಿಲ್ಲ. ಅವಳು ಪೆನ್ಸಿಲ್ಲನ್ನು ಕಿವಿಯ ಹಿಂದಿನಿಂದ ತೆಗೆದಳು, ಕೆಳಗಿನದನ್ನು ಒಡೆದಳು, ನನ್ನ ಕಡೆ ಒಮ್ಮೆ ಓರೆಗಣ್ಣಿನಲ್ಲಿ ನೋಡಿ, ಏನನ್ನೂ ಕತ್ತರಿಸದೆ ‘ನಾಲ್ಕು ಮತ್ತು ಹತ್ತು ಕೂಡದು’ ಎಂದು ಬರೆದಳು. ಆಮೇಲೆ ಸುಮ್ಮನೆ ಇರದೆ ನಾಲ್ಕನ್ನು ಹಾಕಿ ನೋಡಿದಳು.

“ಮೇಲೂ ಸೊನ್ನೆ ಬರುತ್ತೆ, ಕೆಳಗೂ ಸೊನ್ನೆ ಬರುತ್ತೆ. ಈ ಲೆಕ್ಕ ಏನನ್ನ ಅಳೆಯೋದು ಅಣ್ಣ?”

“ಅಲುಗಾಟ ಅಂತ ಇಟ್ಕೊ.”

“ಮೇಲೆ ಸೊನ್ನೆ ಅಂದ್ರೆ ಅಲುಗಲ್ಲ ಅಂತ ಕಾಣುತ್ತೆ. ಕೆಳಗೆ ಸೊನ್ನೆ ಅಂದ್ರೆ?”

“ಸೂತ್ರಕ್ಕೆ ಗೊತ್ತಿಲ್ಲ ಅಂತ.”

“ಅಲುಗಲ್ಲ ಅಂತ ಅಲ್ಲ ತಾನೆ?”

“ಅಲ್ಲ.”

“ಮತ್ತೆ ಗೊತ್ತಿಲ್ಲದ ಜಾಗಕ್ಕೆ ಸರಿ ಅಂತ ಯಾರು ಬರೀತಾರೆ,” ಎಂದು ಪುಟ ಮಗುಚಿದಳು. ಒಳಗಿನಿಂದ ಗಂಡ ಕೂಗಿ ತನ್ನ ಇನ್ನೊಂದು ಅಂಗಿ ಎಲ್ಲಿ ಎಂದು ಕೇಳಿದ. ಎದ್ದು ಹೋದಳು. ನಾನು ಕೂತೇ ಇದ್ದೆ.

ಮಾರ್ಚ್ 21, ಶುಕ್ರವಾರ

ಮ್ಯಾನೇಜರ್ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು, ನನ್ನ ಮಾತು ಪೂರ್ತಿ ಕೇಳಿದರು. ಕೇಳುವಾಗ ಅವರ ಮುಖ, ಬಾಗಿಲಲ್ಲಿ ಕ್ಯಾಲೆಂಡರ್ ಮಾರುವವನು ನಿಂತಿದ್ದರೆ ಹೇಗಿರುತ್ತದೋ ಹಾಗಿತ್ತು.

“ಮೇಷ್ಟ್ರೇ, ಸರಿ ಇದೆ ಅಂತ ಲೆಕ್ಕ ಹಾಕಿಕೊಟ್ಟೋರು ನೀವೇ ಅಲ್ವಾ?”

“ನಾನೇ ಸರ್. ತಪ್ಪು ಹಾಕಿದೆ.”

“ತಪ್ಪಾಗಿದ್ರೆ ಇಷ್ಟು ದಿನದಲ್ಲಿ ಏನಾದ್ರೂ ಆಗಬೇಕಿತ್ತು. ಇಡೀ ಶೆಡ್ಡಿನಲ್ಲಿ ಸದ್ದು ಮಾಡದೆ ಕೆಲಸ ಮಾಡೋದು ಅದೊಂದೇ.”

ಒಮ್ಮೆ ಬಿಚ್ಚಿ ಒಳಗೆ ನೋಡಿಸಿ ಎಂದೆ. ಬಿಚ್ಚಿದರೆ ಮಾರಿದವರ ಜವಾಬ್ದಾರಿ ಮುಗಿಯುತ್ತದೆಯಂತೆ. ನಾಲ್ಕು ಬಿಟ್ಟರೆ ಆಸ್ಪತ್ರೆಯ ಬಟ್ಟೆ ಹಿಂಡುವುದು ಎಲ್ಲಿ ಎಂದು ಅವರು ಕೇಳಿದರು. ಅಪಾಯ ಇದೆ ಎಂದಾದರೂ ಖಂಡಿತವಾಗಿ ಹೇಳಿ ಎಂದರು. ಖಂಡಿತವಾಗಿ ಹೇಳಲಾರೆ, ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಹೇಳಲು ಬಂದ ಮನುಷ್ಯನನ್ನು ಅವರು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಮಾರ್ಚ್ 22, ಶನಿವಾರ

ಬೋರ್ಡಿನ ಮೇಲೆ ಹತ್ತರ ಪಕ್ಕ ನಾಲ್ಕು ಬರೆದೆ. ಚಹಾದ ಹೊತ್ತಿಗೆ ಯಾರೋ ಅಳಿಸಿದ್ದರು. ಮತ್ತೆ ಬರೆದೆ. ಊಟದ ಹೊತ್ತಿಗೆ ಅಳಿಸಿದ್ದರು. ಮೂರನೇ ಸಲ ಬರೆಯುವಾಗ ಹುಡುಗಿಯರು ಸಾಲಾಗಿ ನಿಂತು ನೋಡಿದರು. ಒಬ್ಬಳು, ಮೇಷ್ಟ್ರಿಗೆ ನಾಲ್ಕರ ಮೇಲೆ ಏನು ಹಗೆ, ನಾಲ್ಕನೇ ಹೆಂಡತಿ ಓಡಿಹೋದಳಾ ಎಂದಳು. ಮೊದಲನೆಯವಳೇ ಬಂದಿಲ್ಲ ಎಂದೆ. ಗೊಳ್ಳೆಂದರು. ನಾನೂ ನಗಬೇಕಿತ್ತು, ಮರೆತೆ.

ಆಮೇಲೆ ಸೀಮೆಸುಣ್ಣ ಸಿಗಲಿಲ್ಲ.

ಮಾರ್ಚ್ 25, ಮಂಗಳವಾರ

ಕೆಲಸ ಮುಗಿಸಿ ನಡೆದು ಬರುವಾಗ ಭಾವಮೈದುನನಿಗೆ ಎಲ್ಲ ಹೇಳಿದೆ. ಸೂತ್ರ, ಕತ್ತರಿ, ಚುಕ್ಕೆ. ಅವನು ಜೇಬಿನಲ್ಲಿ ಕೈ ಇಟ್ಟುಕೊಂಡು ಕೇಳುತ್ತ ಬಂದ. ಮುಚ್ಚಳ ಈಚೆಗೆ ಮೊದಲಿಗಿಂತ ಬಿಸಿ, ಆದರೆ ಬೇಸಿಗೆ ಅಲ್ಲವೇ ಎಂದ. ನಿಲ್ಲಿಸುವಾಗ ಒಳಗೆ ಯಾರೋ ಹಲ್ಲು ಕಡಿದಂತೆ ಒಂದು ಸದ್ದು, ಆಮೇಲೆ ಇಲ್ಲ ಎಂದ. ಇದನ್ನೆಲ್ಲ ಹೇಳುವಾಗ, ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುವಾಗಿನ ದನಿ.

“ಅಲ್ಲ ಭಾವ, ಲೆಕ್ಕಕ್ಕೆ ಗೊತ್ತಿಲ್ಲ ಅಂದ್ರೆ ನಾನು ಕೆಲಸ ಬಿಡಕ್ಕಾಗುತ್ತಾ? ನಂಗೂ ಎಷ್ಟೋ ಗೊತ್ತಿಲ್ಲ.”

ಮನೆಯಲ್ಲಿ ಅವನೇ ಅದನ್ನು ತಮಾಷೆ ಮಾಡಿ ಹೆಂಡತಿಗೆ ಹೇಳಿದ. ಅತ್ತೆಮ್ಮನಿಗೂ ನಿಮ್ಮಣ್ಣನಿಗೂ ಜಗಳ ಹತ್ತಿದೆ, ನಾಲ್ಕರ ಸುದ್ದಿ ಎತ್ತಿದರೆ ಹೊಡೆಯಲು ಬರುತ್ತಾರೆ ಎಂದ. ತಂಗಿ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

“ಮೊನ್ನೆ ನಾನು ಮಾಡಿದ್ದು ಅದೇ ಲೆಕ್ಕಾನಾ?” ಎಂದು ನನ್ನನ್ನು ಕೇಳಿದಳು.

ಹೌದೆಂದೆ. ಅವಳು ಗಂಡನ ತಟ್ಟೆಗೆ ಅನ್ನ ಹಾಕಿದಳು, ಅವನು ಸಾಕೆಂದ ಮೇಲೂ ಹಾಕಿದಳು.

ಮಾರ್ಚ್ 27, ಗುರುವಾರ

ನಾಳೆಯಿಂದ ನನಗೆ ವಿಶ್ರಾಂತಿ. ಮ್ಯಾನೇಜರ್ ಅವರ ಮಾತಿದು. ನಾನು ಆಸ್ಪತ್ರೆಗೆ ಫೋನು ಮಾಡಿ ಬೂದು ಗೆರೆ ಏತರದು ಎಂದು ನರ್ಸಮ್ಮನಿಗೆ ಹೇಳಿದ್ದು ಅವರಿಗೆ ತಿಳಿಯಿತು. ಕಬ್ಬಿಣದ ಪುಡಿ ಎಂದಿದ್ದೆ. ಪ್ರಮಾಣ ಮಾಡಿ ಹೇಳಬಲ್ಲೆನೇ ಎಂದು ಆಕೆ ಕೇಳಿದ್ದಕ್ಕೆ ಬೆರಳಿನ ವಾಸನೆಯ ಮೇಲೆ ಪ್ರಮಾಣ ಮಾಡಿದ್ದೆ. ಆಕೆ ಫೋನಿಟ್ಟಿದ್ದರು.

ಹೊರಡುವ ಮೊದಲು ಶೆಡ್ಡಿಗೆ ಹೋದೆ. ನಾಲ್ಕರಲ್ಲಿತ್ತು. ಮುಚ್ಚಳದ ಮೇಲೆ ಅಂಗೈ ಇಟ್ಟೆ. ಬಿಸಿ, ಅಷ್ಟೆ, ಅದುರಲಿಲ್ಲ. ಮಲಗಿದವರ ಮೇಲೆ ಕೈ ಇಟ್ಟರೆ ಉಸಿರಾದರೂ ಸಿಗುತ್ತದೆ.

ಮಾರ್ಚ್ 30, ಭಾನುವಾರ

ತಂಗಿಯ ಪುಸ್ತಕ ಮೂರು ದಿನದಿಂದ ಮುಚ್ಚಿದೆ. ಗಂಡ ಕೆಲಸಕ್ಕೆ ಹೊರಟರೆ ಕಿಟಕಿಯಲ್ಲಿ ನಿಲ್ಲುತ್ತಾಳೆ, ಅವನು ತಿರುವು ದಾಟಿದ ಮೇಲೂ ನಿಂತಿರುತ್ತಾಳೆ. ಅವನನ್ನು ತಡೆಯಲು ಏನೇನು ಮಾಡಬೇಕೋ ಎಲ್ಲ ಮಾಡಿದ್ದಾಳಂತೆ; ಅತ್ತಿದ್ದಾಳೆ, ಬೈದಿದ್ದಾಳೆ, ಜ್ವರ ಬಂದವಳಂತೆ ಮಲಗಿದ್ದಾಳೆ. ಅವನು ಜ್ವರಕ್ಕೆ ಮಾತ್ರೆ ತಂದುಕೊಟ್ಟು ಹೋದ.

ಇಂದು ಮಹಡಿ ಹತ್ತಿ ನನ್ನ ಕೋಣೆಗೆ ಬಂದಳು. ಕೂರಲಿಲ್ಲ.

“ಅಣ್ಣ, ಸರಿ ಅಂತ ಬರೆದದ್ದು ನೀನು. ಸರಿಯಲ್ಲ ಅಂತ ನನ್ ಹತ್ರ ಹೇಳಿ ಏನು ಬಂತು. ಎಲ್ಲಿ ಬರೆದೆಯೋ ಅಲ್ಲಿಗೇ ಹೋಗಿ ಹೇಳು.”

ಒಳಗೆ ಬಿಡುವುದಿಲ್ಲ ಎಂದೆ.

“ಹೊರಗೆ ನಿಂತ್ಕೊಂಡು ಹೇಳು.”

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಅಂಗಡಿಯಲ್ಲಿ ಸೀಮೆಸುಣ್ಣದ ಡಬ್ಬಿ ಕೊಂಡೆ. ಬಹಳ ದಿನದ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟೆ. ಲಾಂಡ್ರಿಯ ಕಾಂಪೌಂಡ್ ಗೋಡೆ ರಸ್ತೆಯ ಕಡೆಗೆ ನುಣ್ಣಗಿದೆ, ಗೇಟಿನ ಆಚೆ ಕೈಯಳತೆಯಲ್ಲಿ. ಅಲ್ಲಿ ನನ್ನೆತ್ತರಕ್ಕೆ ಸೂತ್ರ ಬರೆದೆ. ವಾಚ್‌ಮನ್ ಬಂದು, ಗೋಡೆಗೆ ಬರೆಯಕೂಡದು ಮೇಷ್ಟ್ರೇ ಎಂದ. ಕೂಡದ್ದನ್ನೇ ಬರೆಯುತ್ತಿದ್ದೇನೆ ಎಂದೆ.

ಮ್ಯಾನೇಜರ್ ಕೇಳಿಸಿಕೊಂಡು ಮನಸ್ಸು ಬದಲಿಸಲಿ ಎಂದೇ ಹೋಗಿದ್ದೆ, ಬೇರೆ ಯಾವ ಉಪಾಯವೂ ತಲೆಯಲ್ಲಿರಲಿಲ್ಲ. ಇದನ್ನು ಸುಳ್ಳಿಲ್ಲದೆ ಬರೆದಿಡುತ್ತೇನೆ. ಆದರೆ ದನಿ ಏರಿತು. ಟ್ಯೂಷನ್ನಿನ ಕೊನೆಯ ಬೆಂಚಿನವನಿಗೆ ಕೇಳಲಿ ಎಂದು ಸಾಕಿದ ದನಿ. ಇಗೋ ಅಂಶ, ಇಗೋ ಛೇದ, ಇಗೋ ನಾನು ಆಡಿಸಿದ ಕತ್ತರಿ ಎಂದು ಕೂಗುತ್ತಿದ್ದೆ. ಹೊಡೆದು ಹಾಕಿದ ಮಾತ್ರಕ್ಕೆ ನಾಲ್ಕು ಸತ್ತುಹೋಗಲಿಲ್ಲ ಎಂದೆ. ಮೊದಲು ಇಸ್ತ್ರಿಯ ಹುಡುಗಿಯರು ಕಿಟಕಿಗೆ ಬಂದರು. ಆಮೇಲೆ ಗೇಟಿಗೆ ಬಂದರು. ತೊಟ್ಟಿಯವರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಮಡಚುವವರು, ಗಾಡಿ ತುಂಬುವವರು, ಎಲ್ಲರೂ. ಮೇಷ್ಟ್ರಿಗೆ ಪೂರಾ ಹೋಯ್ತು ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಕೇಳಿಸಿತು. ನಗು. ನಾಲ್ಕನೇ ಹೆಂಡತಿಯ ಮಾತು ಮತ್ತೆ ಎದ್ದಿತು. ಮ್ಯಾನೇಜರ್ ಕೂಡ ಮೆಟ್ಟಿಲಿಳಿದು ಬಂದು ಕೈ ಕಟ್ಟಿಕೊಂಡು ನಿಂತರು.

ಕೊನೆಗೆ ಬಂದವನು ಭಾವಮೈದುನ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿದ್ದವು. ನೇರವಾಗಿ ಬಂದು ನನ್ನ ತೋಳು ಹಿಡಿದ.

“ಸಾಕು ಭಾವ, ಮರ್ಯಾದೆ ಉಳಿಸಿ. ನಡೀರಿ, ಮನೆಗೆ ಬಿಟ್ಟು ಬರ್ತೀನಿ.”

“ಯಂತ್ರ?”

“ನಾಲ್ಕಕ್ಕೆ ಹಾಕಿ ಬಂದಿದೀನಿ. ಮಲಗಿದ್ದಾಳೆ.”

ಶೆಡ್ಡಿನಲ್ಲಿ ಮತ್ತೆ ಯಾರಿದ್ದಾರೆ ಎಂದು ಕೇಳಬೇಕೆಂದು ಬಾಯಿ ತೆರೆದೆ.

ಸದ್ದು ಎಂದು ಬರೆಯುವುದು ಕಷ್ಟ. ಮೊದಲು ನೆಲ ಕಾಲಿನ ಕೆಳಗೆ ಒಮ್ಮೆ ಸರಿಯಿತು. ಆಮೇಲೆ ಶೆಡ್ಡಿನ ಗೋಡೆ, ಹುಡುಗಿಯರು ಚಹಾಕ್ಕೆ ಕೂರುವ ಕಡೆಯದು, ಹೊರಗೆ ಉಬ್ಬಿ ಬಿರಿಯಿತು. ಅದರೊಳಗಿನಿಂದ ಅತ್ತೆಮ್ಮನ ಹೊಟ್ಟೆ, ಒದ್ದೆ ಬೆಡ್‌ಶೀಟುಗಳನ್ನು ಬಾಲದಂತೆ ಎಳೆದುಕೊಂಡು, ಅಂಗಳದ ಉದ್ದಕ್ಕೂ ಉರುಳಿ, ಗಾಡಿಯೊಂದನ್ನು ನಜ್ಜುಗುಜ್ಜು ಮಾಡಿ, ಪಂಪಿನ ಮನೆಗೆ ಬಡಿದು ನಿಂತಿತು. ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿತ್ತು. ಒಬ್ಬರಿಗೂ ಗಾಯವಿಲ್ಲ. ನನ್ನನ್ನು ನೋಡಿ ನಗಲು ಎಲ್ಲರೂ ಹೊರಗೆ ಬಂದಿದ್ದರು.

ಭಾವಮೈದುನ ನನ್ನ ತೋಳು ಬಿಡಲಿಲ್ಲ. ಮನೆ ಮುಟ್ಟುವವರೆಗೂ ಬಿಡಲಿಲ್ಲ. ತಂಗಿ ಬಾಗಿಲಲ್ಲಿದ್ದಳು, ಸದ್ದು ಅಲ್ಲಿಗೂ ಕೇಳಿಸಿತ್ತು. ಅವನ ಬೆರಳುಗಳನ್ನು ಒಂದೊಂದಾಗಿ ನನ್ನಿಂದ ಬಿಡಿಸಿ ಒಳಗೆ ಕರೆದುಕೊಂಡು ಹೋದಳು.

ಏಪ್ರಿಲ್ 2, ಬುಧವಾರ

ಮಾರಿದವರ ಕಡೆಯವನೊಬ್ಬ ಬಂದು ಮುರಿದ ತುಂಡುಗಳನ್ನು ನೋಡಿದನಂತೆ. ನಡುವಿನ ದಂಡ ಒಳಗೇ ಕುಣಿದು ಕುಣಿದು ಸವೆದು ಬೆರಳಿನಷ್ಟಾಗಿತ್ತಂತೆ. ಹೊರಗಿನ ಚೌಕಟ್ಟಿಗೆ ಅದು ಗೊತ್ತೇ ಆಗಿರಲಿಲ್ಲ.

ಮ್ಯಾನೇಜರ್ ಹೇಳಿಕಳಿಸಿದರು, ಹೋದೆ. ಆಫೀಸಿನ ಕಿಟಕಿಗೆ ಗಾಜಿರಲಿಲ್ಲ. ಅವರು ಗಡ್ಡ ಬೋಳಿಸಿರಲಿಲ್ಲ. ಇದೇ ಮಾದರಿಯ ಇನ್ನೊಂದು ಯಂತ್ರವನ್ನು ಮಾರಿದವರು ಬದಲಿಗೆ ಕೊಡುತ್ತಾರಂತೆ, ಇವತ್ತೇ ಲಾರಿ ಬರುತ್ತದಂತೆ, ಆಸ್ಪತ್ರೆ ಕಾಯುವುದಿಲ್ಲವಲ್ಲ. ಸೂತ್ರದ ಕಾಗದವನ್ನು ನನ್ನ ಮುಂದೆ ಸರಿಸಿದರು.

“ನಾಲ್ಕು ಬೇಡ, ಹತ್ತು ಬೇಡ. ಆರು, ಎಂಟು ಸರಿ ತಾನೆ ಮೇಷ್ಟ್ರೇ?”

ಚಹಾ ಬಂತು. ಕಾಗದವನ್ನು ಓದಿದೆ. ಆರನ್ನು ಹಾಕಿದೆ, ಎಂಟನ್ನು ಹಾಕಿದೆ. ಎರಡಕ್ಕೂ ಒಳ್ಳೆಯ, ಸಣ್ಣ ಉತ್ತರ ಬಂತು. ಮತ್ತೆ ಮೊದಲಿನಿಂದ ಓದಿದೆ. ಲೋಟದ ಮೇಲೆ ಕೆನೆ ಕಟ್ಟಿತು.

“ಸೂತ್ರ ಸರಿ ಅನ್ನುತ್ತೆ,” ಎಂದೆ. “ನಂಗೆ ಗೊತ್ತಿಲ್ಲ ಸರ್. ಬಿಚ್ಚಿ ನೋಡಿದ ಮೇಲೆ ಕರೆಸಿ, ಬರ್ತೀನಿ.”

ಹೊರಗೆ ಭಾವಮೈದುನ ನನಗಾಗಿ ಕಾದಿದ್ದ. ನೆರಳೆಲ್ಲ ಕಾಂಪೌಂಡಿನ ಬುಡದಲ್ಲಿತ್ತು. ಅವನು ಯಾವ ಗೋಡೆಯ ಹತ್ತಿರವೂ ಇರಲಿಲ್ಲ, ರಸ್ತೆಯ ಆಚೆ, ಬಯಲಲ್ಲಿ, ಉರಿಬಿಸಿಲಿನಲ್ಲಿ ನಿಂತಿದ್ದ.